ನಿಂತ ಕಾರಿನ ಎಂಜಿನ್ ವೇಗ ತಾನಾಗಿ ಏರುವುದೇಕೆ?

ಸಾಂಗಲಿ, ಮಿರಜಗಳ ಗ್ಯಾರೇಜುಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಮಾತು ಮರಾಠಿ. ಅಲ್ಲಿಯ ‘ಹವೇಚಾ ದಾಬ’ವೇ ತಮ್ಮ ಪುಸ್ತಕದ ‘ಗಾಳಿಯ ಒತ್ತಡ’ವೆಂದು ಅವರಿಗೆ ತಿಳಿಸಿಕೊಡಲು ಒಂದು ಸಾಮಾನ್ಯ ದೋಷ ಸಾಕು: ಆಕ್ಸಿಲರೇಟರ್ ತುಳಿಯದಿದ್ದರೂ ನಿಂತ ಕಾರಿನ ಎಂಜಿನ್ ಏಕಾಏಕಿ ಮೊರೆಯುವುದು.

ಪೆಟ್ರೋಲ್ ಎಂಜಿನ್ ಗಾಳಿಯನ್ನು ಥ್ರಾಟಲ್ ಎಂಬ ಕವಾಟದ ಮೂಲಕ ಎಳೆದುಕೊಳ್ಳುತ್ತದೆ. ಕಾರು ನಿಂತಿರುವಾಗ ಈ ಕವಾಟ ಬಹುತೇಕ ಮುಚ್ಚಿರುತ್ತದೆ. ಎಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತದೆ. ಆಗ ಕವಾಟದ ಆಚೆಗಿನ ಒತ್ತಡ ಹೊರಗಿನದರ ಅರ್ಧಕ್ಕಿಂತಲೂ ಕಡಿಮೆ. ಅಲ್ಲಿನ ರಬ್ಬರ್ ಕೊಳವೆ ಬಿರುಕುಬಿಟ್ಟರೆ ಹೊರಗಿನ ಗಾಳಿ ನುಗ್ಗುತ್ತದೆ. ಅನೇಕ ಕಾರುಗಳಲ್ಲಿ ಸಂವೇದಕವು ಈ ಒತ್ತಡದ ಏರಿಕೆಯನ್ನು ಗುರುತಿಸುತ್ತದೆ, ಇಂಧನ ಹೆಚ್ಚುತ್ತದೆ, ವೇಗವೂ ಏರುತ್ತದೆ.

ಬೆಳಗ್ಗೆ ತಣ್ಣಗಿರುವ ಎಂಜಿನ್ ತುಸು ವೇಗವಾಗಿ ತಿರುಗುವುದು, ಏಸಿ ಹಾಕಿದಾಗ ವೇಗ ಕೊಂಚ ಏರುವುದು ದೋಷವಲ್ಲ. ಎಂಜಿನ್ ಕಾದ ಮೇಲೂ ಮೊರೆತ ನಿಲ್ಲದಿದ್ದರೆ, ಕಾಲಡಿಯ ಚಾಪೆ ಪೆಡಲನ್ನು ಒತ್ತುತ್ತಿದೆಯೇ ಎಂದು ಮೊದಲು ನೋಡಬೇಕು. ಇದಕ್ಕೆ ಖರ್ಚಿಲ್ಲ, ಆದರೂ ಮರೆಯುವವರೇ ಹೆಚ್ಚು. ಬಳಿಕ ‘ಸುಸ್’ ಎಂಬ ಸದ್ದಿಗಾಗಿ ಕೊಳವೆಗಳ ಬಳಿ ಕಿವಿಗೊಡಬೇಕು. ಥ್ರಾಟಲ್‌ಗೆ ಅಂಟಿದ ಮಸಿ, ಎಂಜಿನ್ ಇನ್ನೂ ತಣ್ಣಗಿದೆ ಎಂದೇ ವರದಿಮಾಡುವ ತಾಪ ಸಂವೇದಕ, ಇವುಗಳ ಸರದಿ ಆಮೇಲಿನದು. ಪರೀಕ್ಷಿಸದೆ ಬಿಡಿಭಾಗ ಬದಲಿಸುವುದು ಹಣ ಪೋಲು.

ಈ ಪರೀಕ್ಷೆ ಮೆಕ್ಯಾನಿಕ್‌ನದು. ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಬಯಲಿನಲ್ಲೇ ಆಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು. ತರಗತಿಗೆ ಸೂಜಿಯಿಲ್ಲದ ಹೊಸ ಸಿರಿಂಜೊಂದು ಸಾಕು. ಅದರ ಬಾಯಿಯನ್ನು ಬೆರಳಿನಿಂದ ಮುಚ್ಚಿ ದಂಡವನ್ನು ಎಳೆದು, ಬೆರಳನ್ನು ಸ್ವಲ್ಪವೇ ಸರಿಸಿದರೆ ಗಾಳಿ ನುಗ್ಗುವ ಸದ್ದು ಮಕ್ಕಳಿಗೇ ಕೇಳಿಸುತ್ತದೆ.