ಹೊಲದವರೆಗೆ ಮಾತು ತಲುಪಿಸುವ ವಿದ್ಯೆ: ಕೃಷಿ ಸಂವಹನದಲ್ಲಿ ಸ್ನಾತಕೋತ್ತರ ಅಧ್ಯಯನ ಮತ್ತು ಅದರ ವಿಶೇಷ ವಿಭಾಗಗಳು

ಪೀಠಿಕೆ

2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ, ಅದುವರೆಗೆ ನಮ್ಮ ದೇಶದಲ್ಲಿ ವರದಿಯಾಗಿರದ ಒಂದು ಕೀಟವನ್ನು ಕೃಷಿ ವಿಜ್ಞಾನಿಗಳು ಗುರುತಿಸಿದರು. ಅದೇ ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು. ಮುಂದೆ ಅಲ್ಪಾವಧಿಯಲ್ಲಿಯೇ ಅದು ದೇಶದ ಅನೇಕ ರಾಜ್ಯಗಳಿಗೆ ಹರಡಿತು. ಈ ಹುಳು ಚಿಕ್ಕದಿರುವಾಗ ಹತೋಟಿ ಸುಲಭ. ಬೆಳೆದ ಹುಳು ಸುಳಿಯೊಳಗೆ ಸೇರಿ ತನ್ನ ಹಿಕ್ಕೆಯ ಮರೆಯಲ್ಲಿ ಅಡಗಿದ ಮೇಲೆ ಸಿಂಪಡಣೆಯ ದ್ರಾವಣ ಅದನ್ನು ಸರಿಯಾಗಿ ತಲುಪುವುದಿಲ್ಲ. ಹೀಗಾಗಿ ಸರಿಯಾದ ಸಲಹೆಯೂ ಕೆಲವು ದಿನ ತಡವಾದರೆ ವ್ಯರ್ಥವಾಗುತ್ತದೆ.

ಸಂಶೋಧನೆಯಿಂದ ದೊರೆತ ಜ್ಞಾನವನ್ನು ಸಕಾಲದಲ್ಲಿ, ಅರ್ಥವಾಗುವ ಭಾಷೆಯಲ್ಲಿ, ನಂಬಿಕೆ ಮೂಡುವ ರೀತಿಯಲ್ಲಿ ರೈತರಿಗೆ ತಲುಪಿಸುವುದು ಒಂದು ಪ್ರತ್ಯೇಕ ವಿದ್ಯೆ. ಅದಕ್ಕೆ ಸಿದ್ಧಾಂತ, ಸಂಶೋಧನಾ ವಿಧಾನ ಮತ್ತು ಉನ್ನತ ಪದವಿಗಳಿವೆ. ಆದರೂ ಕೃಷಿ ಪದವಿ ಮುಗಿಸಿದ ಮಗಳೋ ಮಗನೋ ವಿಸ್ತರಣಾ ಶಿಕ್ಷಣ ವಿಭಾಗವನ್ನು ಆರಿಸಿಕೊಳ್ಳುತ್ತೇನೆಂದಾಗ, ಬೇರೆ ವಿಷಯ ಸಿಗದವರ ಆಯ್ಕೆಯದು ಎಂಬ ಮಾತು ಹಲವು ಮನೆಗಳಲ್ಲಿ ಕೇಳಿಬರುತ್ತದೆ. ಈ ಅಭಿಪ್ರಾಯವನ್ನು ಒಪ್ಪುವ ಮುನ್ನ ಆ ವಿದ್ಯೆಯ ಸ್ವರೂಪ, ಅದರ ವಿಶೇಷ ವಿಭಾಗಗಳು ಮತ್ತು ಓದಿನ ಮಾರ್ಗಗಳನ್ನು ತಿಳಿಯುವುದು ಒಳಿತು.

ಸಂವಹನ ಎಂದರೇನು?

ವಿಸ್ತರಣಾ ಶಿಕ್ಷಣದಲ್ಲಿ ಸಂವಹನಕ್ಕೆ ಆರು ಅಂಗಗಳನ್ನು ಹೇಳಲಾಗುತ್ತದೆ: ಸಂವಹನಕಾರ, ಸಂದೇಶ, ಮಾಧ್ಯಮ, ಸಂದೇಶದ ನಿರೂಪಣೆ, ಶ್ರೋತೃವರ್ಗ ಮತ್ತು ಅವರ ಪ್ರತಿಕ್ರಿಯೆ. ಇವುಗಳಲ್ಲಿ ಒಂದು ಸೋತರೂ ಉಳಿದ ಐದರ ಶ್ರಮ ಫಲಿಸುವುದಿಲ್ಲ.

ಮೇಲಿನ ಉದಾಹರಣೆಯನ್ನೇ ನೋಡಿ. ನಮ್ಮ ರಾಜ್ಯದಲ್ಲಿ ಒಂದೇ ಬೆಳೆಯನ್ನು ಒಂದೆಡೆ ಮುಸುಕಿನ ಜೋಳ, ಮತ್ತೊಂದೆಡೆ ಗೋವಿನ ಜೋಳ, ಇನ್ನೊಂದೆಡೆ ಮೆಕ್ಕೆಜೋಳ ಎನ್ನುತ್ತಾರೆ. ಕರಪತ್ರದಲ್ಲಿ ಒಂದೇ ಹೆಸರಿದ್ದರೆ ಕೆಲವು ಜಿಲ್ಲೆಗಳ ಓದುಗರಿಗೆ ಅದು ತಮ್ಮ ಬೆಳೆಗೆ ಸಂಬಂಧಿಸಿದ್ದೆಂದು ತಕ್ಷಣ ಹೊಳೆಯದಿರಬಹುದು. ‘ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ., ಪ್ರತಿ ಲೀಟರ್ ನೀರಿಗೆ 0.4 ಗ್ರಾಂ’ ಎಂಬ ಶಿಫಾರಸು ವೈಜ್ಞಾನಿಕವಾಗಿ ಸರಿ. ಆದರೆ ಸಿಂಪಡಿಸುವವರು ಲೀಟರ್ ಲೆಕ್ಕದಲ್ಲಿ ಅಳೆಯುವುದಿಲ್ಲ, ಟ್ಯಾಂಕಿನ ಲೆಕ್ಕದಲ್ಲಿ ಅಳೆಯುತ್ತಾರೆ. ‘16 ಲೀಟರಿನ ಟ್ಯಾಂಕಿಗೆ 6.4 ಗ್ರಾಂ, ದ್ರಾವಣ ಸುಳಿಯೊಳಗೆ ಬೀಳುವಂತೆ ಸಿಂಪಡಿಸಿ’ ಎಂದಾಗ ಅದೇ ಶಿಫಾರಸು ಕೆಲಸಕ್ಕೆ ಬರುತ್ತದೆ. ಮೊದಲನೆಯದು ಸಂದೇಶ; ಎರಡನೆಯದು ಅದರ ನಿರೂಪಣೆ.

ಕೃಷಿಯ ನೆಲದಲ್ಲಿ ಬೆಳೆದ ವಿದ್ಯೆ

ಸಂವಹನ ಶಾಸ್ತ್ರವು ಪಟ್ಟಣದ ಪತ್ರಿಕಾಲಯಗಳಿಂದ ಮಾತ್ರ ಬಂದದ್ದೆಂದು ಭಾವಿಸಬಾರದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ಕೃಷಿ ಪತ್ರಿಕೋದ್ಯಮಕ್ಕೆಂದೇ 1908ರಲ್ಲಿ ವಿಭಾಗವನ್ನು ತೆರೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಸಂವಹನ ವಿಭಾಗವು ಇಂದಿಗೂ ಕೃಷಿ ಮತ್ತು ಜೀವವಿಜ್ಞಾನ ಕಾಲೇಜಿನ ಭಾಗವಾಗಿದೆ.

1943ರಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಯೋವಾ ರಾಜ್ಯದಲ್ಲಿ ಮುಸುಕಿನ ಜೋಳದ ಸಂಕರಣ ತಳಿ ಹರಡಿದ ಬಗೆಯನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಅವರು ಪರಿಶೀಲಿಸಿದ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲರೂ 1928 ಮತ್ತು 1941ರ ನಡುವೆ ಆ ಬೀಜವನ್ನು ಅಳವಡಿಸಿಕೊಂಡಿದ್ದರು. ಹೆಚ್ಚಿನವರಿಗೆ ಬೀಜದ ಸುದ್ದಿ ಮೊದಲು ತಿಳಿದದ್ದು ಮಾರಾಟಗಾರರಿಂದ; ಬಿತ್ತಲು ಮನಸ್ಸು ಮಾಡಿಸಿದ್ದು ಮಾತ್ರ ನೆರೆಹೊರೆಯ ರೈತರ ಅನುಭವ.

ಅದೇ ಅಯೋವಾದ ರೈತ ಕುಟುಂಬದಲ್ಲಿ ಬೆಳೆದ ಎವರೆಟ್ ರೋಜರ್ಸ್ ಅವರ ತಂದೆಯೂ ಸಂಕರಣ ಬೀಜವನ್ನು ಒಪ್ಪಿರಲಿಲ್ಲ. 1936ರ ಬರದಲ್ಲಿ ನೆರೆಯವರ ಸಂಕರಣ ಬೆಳೆ ನಿಂತಿತು. ಅವರ ಬೆಳೆ ಬಾಡಿತು. ಒಳ್ಳೆಯ ತಂತ್ರಜ್ಞಾನವನ್ನು ರೈತರು ಏಕೆ ತಡವಾಗಿ ಸ್ವೀಕರಿಸುತ್ತಾರೆ ಎಂಬುದನ್ನೇ ರೋಜರ್ಸ್ ತಮ್ಮ ಅಧ್ಯಯನದ ವಿಷಯವಾಗಿಸಿಕೊಂಡರು. ನಾವೀನ್ಯಗಳ ಪ್ರಸರಣ ಕುರಿತ ಅವರ ಗ್ರಂಥ 1962ರಲ್ಲಿ ಪ್ರಕಟವಾಯಿತು. ಇಂದಿಗೂ ವಿಸ್ತರಣಾ ಶಿಕ್ಷಣದ ತರಗತಿಗಳಲ್ಲಿ ಅದರ ಪ್ರಸ್ತಾಪ ಬರುತ್ತದೆ.

ವಿಶೇಷ ವಿಭಾಗಗಳು

ಸಂದೇಶದ ದಾರಿಯಲ್ಲಿ ಎಲ್ಲೆಲ್ಲಿ ತೊಡಕು ಉಂಟಾಗುತ್ತದೆಯೋ ಅಲ್ಲಲ್ಲಿ ಒಂದೊಂದು ವಿಶೇಷ ವಿಭಾಗ ಬೆಳೆದಿದೆ. ಹೀಗೆ ನೋಡಿದರೆ ಆಯ್ಕೆ ಸುಲಭವಾಗುತ್ತದೆ.

1. ಅಳವಡಿಕೆ ಮತ್ತು ಪ್ರಸರಣದ ಅಧ್ಯಯನ: ಮಾಹಿತಿ ತಿಳಿದರೂ ರೈತರು ಅನುಸರಿಸದಿರಲು ಕಾರಣವೇನು? ಬಂಡವಾಳವೇ, ಕೂಲಿಯಾಳುಗಳ ಅಭಾವವೇ, ಹಿಂದಿನ ಕಹಿ ಅನುಭವವೇ? ಸಮೀಕ್ಷೆ, ಸಂದರ್ಶನ ಮತ್ತು ಸಂಖ್ಯಾಶಾಸ್ತ್ರದ ನೆರವಿನಿಂದ ಇದನ್ನು ಅಭ್ಯಸಿಸಲಾಗುತ್ತದೆ. ಸಂಶೋಧನೆ ಮತ್ತು ಅಧ್ಯಾಪನದಲ್ಲಿ ಆಸಕ್ತಿಯುಳ್ಳವರಿಗೆ ಇದು ಸೂಕ್ತ.

2. ಕೃಷಿ ಪತ್ರಿಕೋದ್ಯಮ: ವೈಜ್ಞಾನಿಕ ವಿಷಯವನ್ನು ಸರಳವಾಗಿ, ತಪ್ಪಿಲ್ಲದೆ ಬರೆಯುವ ವಿದ್ಯೆ. ಪುತ್ತೂರಿನಿಂದ ಪ್ರಕಟವಾಗುವ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿ ಕೊಡುವ ಪ್ರಯೋಗ ಮಾಡಿ, ಅನುಭವಿ ರೈತರನ್ನೇ ಲೇಖಕರನ್ನಾಗಿಸಿತು. ಭಾಷೆಯಲ್ಲಿ ಹಿಡಿತ ಹಾಗೂ ಹೊಲದ ಪರಿಚಯ ಎರಡೂ ಇರುವವರಿಗೆ ಈ ವಿಭಾಗ ಒಪ್ಪುತ್ತದೆ.

3. ಬಾನುಲಿ ಮತ್ತು ದೃಶ್ಯ-ಶ್ರವ್ಯ ಮಾಧ್ಯಮ: ಓದು ಬಾರದವರಿಗೂ ತಲುಪುವ ಮಾಧ್ಯಮಗಳಿವು. ದೂರದರ್ಶನದಲ್ಲಿ ‘ಕೃಷಿ ದರ್ಶನ’ ಕಾರ್ಯಕ್ರಮ 1967ರ ಜನವರಿ 26ರಂದು ಆರಂಭವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ತನ್ನದೇ ಸಮುದಾಯ ಬಾನುಲಿ ಕೇಂದ್ರವನ್ನು ಹೊಂದಿದೆ. ಸೈನಿಕ ಹುಳುವಿನ ತಲೆಯ ಮೇಲಿನ ತಲೆಕೆಳಗಾದ ‘ವೈ’ ಆಕಾರದ ಗುರುತು ಮತ್ತು ಬಾಲದ ಬಳಿ ಚೌಕಾಕಾರದಲ್ಲಿರುವ ನಾಲ್ಕು ಕಪ್ಪು ಚುಕ್ಕೆಗಳನ್ನು ಪುಟಗಟ್ಟಲೆ ವಿವರಿಸುವುದಕ್ಕಿಂತ ಅರ್ಧ ನಿಮಿಷದ ವಿಡಿಯೋ ಚೆನ್ನಾಗಿ ತೋರಿಸುತ್ತದೆ.

4. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ: ಮೊಬೈಲ್ ಸಂದೇಶ, ಆ್ಯಪ್, ದೂರವಾಣಿ ಸಲಹಾ ಸೇವೆ ಮುಂತಾದವುಗಳ ವಿನ್ಯಾಸ ಮತ್ತು ನಿರ್ವಹಣೆ ಇದರಲ್ಲಿ ಸೇರುತ್ತವೆ. ಕಿಸಾನ್ ಕಾಲ್ ಸೆಂಟರ್ ಸೇವೆ 2004ರ ಜನವರಿಯಲ್ಲಿ ಆರಂಭವಾಗಿದ್ದು, 1800-180-1551 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ತಪ್ಪು ಸಲಹೆಯನ್ನು ಗುರುತಿಸಿ ತಡೆಯುವುದೂ ಇಂದು ಈ ವಿಭಾಗದ ಕಾಳಜಿಯಾಗಿದೆ.

5. ಅಭಿವೃದ್ಧಿ ಸಂವಹನ: ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್ ಕೃಷಿ ಕಾಲೇಜಿನ ಪ್ರಾಧ್ಯಾಪಕಿ ನೋರಾ ಕ್ವೆಬ್ರಾಲ್ 1971ರಲ್ಲಿ ಇದಕ್ಕೆ ವ್ಯಾಖ್ಯೆ ನೀಡಿದರು. ಆರೋಗ್ಯ, ಪೌಷ್ಟಿಕತೆ, ನೀರು, ಮಹಿಳಾ ಸಂಘಟನೆ ಮುಂತಾದ ವಿಷಯಗಳಲ್ಲಿ ಸಮುದಾಯವೇ ಪಾಲ್ಗೊಳ್ಳುವಂತೆ ಮಾಡುವುದು ಇದರ ಗುರಿ. ಕಳೆ ಕೀಳುವ, ಬೀಜ ಕಾಯ್ದಿಡುವ ಮಹಿಳೆಯರನ್ನು ಬಿಟ್ಟು ಮನೆಯ ಗಂಡಸರಿಗೆ ಮಾತ್ರ ಸಲಹೆ ನೀಡಿದರೆ ಅದು ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ ಎಂಬುದು ಈ ವಿಭಾಗದ ಪಾಠ.

6. ತರಬೇತಿ ಮತ್ತು ಮೌಲ್ಯಮಾಪನ: ಪ್ರಾತ್ಯಕ್ಷಿಕೆ, ಕ್ಷೇತ್ರೋತ್ಸವ ಮತ್ತು ತರಬೇತಿಗಳ ಯೋಜನೆ ಹಾಗೂ ಅವುಗಳ ಫಲಿತಾಂಶದ ಪರೀಕ್ಷೆ. ಸಭೆಗೆ ಎಷ್ಟು ಜನ ಬಂದರೆಂದು ಎಣಿಸುವುದು ಸುಲಭ. ಮುಂದಿನ ಹಂಗಾಮಿನಲ್ಲಿ ಎಷ್ಟು ಜನ ಪದ್ಧತಿಯನ್ನು ಬದಲಿಸಿದರೆಂದು ತಿಳಿಯಲು ಶಾಸ್ತ್ರೀಯ ವಿಧಾನ ಬೇಕು.

ಓದಿನ ಮಾರ್ಗಗಳು

ಮೊದಲನೆಯದು ಕೃಷಿ ವಿಶ್ವವಿದ್ಯಾಲಯಗಳ ಮಾರ್ಗ. ನಾಲ್ಕು ವರ್ಷಗಳ ಬಿ.ಎಸ್ಸಿ. (ಕೃಷಿ) ಪದವಿಯ ನಂತರ ಕೃಷಿ ವಿಸ್ತರಣಾ ಶಿಕ್ಷಣದಲ್ಲಿ ಎರಡು ವರ್ಷಗಳ ಎಂ.ಎಸ್ಸಿ. ಓದಬಹುದು. ಸಮುದಾಯ ವಿಜ್ಞಾನದ ಪದವೀಧರರಿಗೆ ವಿಸ್ತರಣೆ ಮತ್ತು ಸಂವಹನ ನಿರ್ವಹಣೆ ಎಂಬ ವಿಭಾಗವಿದೆ. ಪಶುವೈದ್ಯಕೀಯ ಪದವೀಧರರಿಗೂ ತಮ್ಮ ಕ್ಷೇತ್ರದಲ್ಲಿ ವಿಸ್ತರಣಾ ಶಿಕ್ಷಣದ ಸ್ನಾತಕೋತ್ತರ ಪದವಿ ಲಭ್ಯ.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮದಲ್ಲಿ ಎಂ.ಎಸ್ಸಿ. ಪದವಿಗೆ ಒಟ್ಟು 70 ಕ್ರೆಡಿಟ್‌ಗಳಿದ್ದು, ಅವುಗಳಲ್ಲಿ 30 ಸಂಶೋಧನಾ ಪ್ರಬಂಧಕ್ಕೆ ಮೀಸಲಾಗಿವೆ. ಅಂದರೆ ವಿದ್ಯಾರ್ಥಿಯ ಶ್ರಮದ ದೊಡ್ಡ ಪಾಲು ಹಳ್ಳಿಗಳಲ್ಲಿ ರೈತರನ್ನು ಭೇಟಿಯಾಗಿ, ಮಾಹಿತಿ ಸಂಗ್ರಹಿಸಿ, ವಿಶ್ಲೇಷಿಸುವುದಕ್ಕೆ ಸಲ್ಲುತ್ತದೆ.

ಎರಡನೆಯದು ಸಾಮಾನ್ಯ ವಿಶ್ವವಿದ್ಯಾಲಯಗಳ ಮಾರ್ಗ. ಮೈಸೂರು, ಬೆಂಗಳೂರು, ಕರ್ನಾಟಕ, ಮಂಗಳೂರು, ಕುವೆಂಪು ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಸ್ನಾತಕೋತ್ತರ ಪದವಿಯಿದೆ. ಇಲ್ಲಿ ಮಾಧ್ಯಮ ಕೌಶಲಕ್ಕೆ ಒತ್ತು. ಕೃಷಿ ಜ್ಞಾನವನ್ನು ವಿದ್ಯಾರ್ಥಿಯೇ ಗಳಿಸಿಕೊಳ್ಳಬೇಕು. ಅರ್ಹತೆ, ಪ್ರವೇಶ ಪರೀಕ್ಷೆ ಮತ್ತು ಶುಲ್ಕದ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಸೇವೆಯಲ್ಲಿರುವ ವಿಸ್ತರಣಾ ಸಿಬ್ಬಂದಿಗೆ ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ ‘ಮ್ಯಾನೇಜ್’ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾವನ್ನು ದೂರಶಿಕ್ಷಣದ ಮೂಲಕ ರೂಪಿಸಿದೆ. ಕೃಷಿ ಪರಿಕರ ಮಾರಾಟಗಾರರಿಗೂ ಅದು ಪ್ರತ್ಯೇಕ ಡಿಪ್ಲೊಮಾ ರೂಪಿಸಿದೆ. ಅನೇಕ ರೈತರು ಮೊದಲು ಸಲಹೆ ಕೇಳುವುದು ಔಷಧದ ಅಂಗಡಿಯಲ್ಲಿಯೇ ಆದ್ದರಿಂದ ಈ ತರಬೇತಿಗೆ ಮಹತ್ವವಿದೆ.

ಅವಕಾಶಗಳು ಮತ್ತು ಮಿತಿಗಳು

ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಸ್ತರಣಾ ವಿಷಯ ತಜ್ಞರ ಹುದ್ದೆ, ವಿಶ್ವವಿದ್ಯಾಲಯಗಳ ಅಧ್ಯಾಪನ, ಬಾನುಲಿ ಮತ್ತು ಪತ್ರಿಕೆಗಳು, ಸ್ವಯಂಸೇವಾ ಸಂಸ್ಥೆಗಳು, ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಕೃಷಿ ನವೋದ್ಯಮಗಳು ಈ ಪದವೀಧರರಿಗೆ ತೆರೆದಿರುವ ಕ್ಷೇತ್ರಗಳು. ಸರ್ಕಾರಿ ಹುದ್ದೆಗಳು ಸೀಮಿತವಾಗಿದ್ದು, ನೇಮಕಾತಿ ಪ್ರತಿ ವರ್ಷವೂ ನಡೆಯುವುದಿಲ್ಲ. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ ಹುದ್ದೆಗೆ ಕೃಷಿ ಪದವಿಯೇ ಸಾಕು. ಅದಷ್ಟೇ ಗುರಿಯಾಗಿದ್ದರೆ ಸ್ನಾತಕೋತ್ತರ ಓದು ಅನಿವಾರ್ಯವಲ್ಲ. ಬರವಣಿಗೆ, ಧ್ವನಿಮುದ್ರಣ, ಅಂಕಿ-ಅಂಶ ವಿಶ್ಲೇಷಣೆ ಇವುಗಳಲ್ಲಿ ಒಂದನ್ನಾದರೂ ಕೈವಶ ಮಾಡಿಕೊಳ್ಳದೆ ಕೇವಲ ಪದವಿಪತ್ರ ಪಡೆದರೆ ಪ್ರಯೋಜನ ಕಡಿಮೆ.

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

• ನಿಮ್ಮ ಊರಿನಲ್ಲಿ ಒಳ್ಳೆಯ ಸಲಹೆ ಎಲ್ಲಿ ನಿಂತುಹೋಗುತ್ತಿದೆ? ಭಾಷೆಯಲ್ಲಿಯೇ, ಮಾಧ್ಯಮದಲ್ಲಿಯೇ, ನಂಬಿಕೆಯಲ್ಲಿಯೇ? ಯಾವ ತೊಡಕನ್ನು ಬಿಡಿಸುವ ಆಸೆಯಿದೆಯೋ ಅದಕ್ಕೆ ಸಂಬಂಧಿಸಿದ ವಿಭಾಗವನ್ನು ನೋಡಿ.
• ಅಪರಿಚಿತರ ಮನೆಯಂಗಳದಲ್ಲಿ ಕುಳಿತು, ಅವರ ಮಾತನ್ನು ತಾಳ್ಮೆಯಿಂದ ಕೇಳಬಲ್ಲಿರಾ? ಹೇಳುವ ಕಲೆಗಿಂತ ಕೇಳುವ ಕಲೆ ಇಲ್ಲಿ ಮುಖ್ಯ.
• ಸೇರಬಯಸುವ ವಿಭಾಗದಲ್ಲಿ ಇತ್ತೀಚೆಗೆ ಸಲ್ಲಿಕೆಯಾದ ಸಂಶೋಧನಾ ಪ್ರಬಂಧಗಳ ವಿಷಯಗಳೇನು? ಮಾರ್ಗದರ್ಶಕರ ಆಸಕ್ತಿಯೇನು?

ಮುಕ್ತಾಯ

ರೈತ ಬಾಂಧವರೇ, ಸಂಶೋಧನಾ ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ನಿಮ್ಮ ಮನೆಗೆ ಬಂದಾಗ, ಸಲಹೆಯನ್ನು ಏಕೆ ಅನುಸರಿಸಲಿಲ್ಲವೆಂಬ ನಿಜವಾದ ಕಾರಣವನ್ನು ಸಂಕೋಚವಿಲ್ಲದೆ ಹೇಳಿ. ಅವರಿಗೆ ಮೆಚ್ಚುಗೆಯಾಗಲೆಂದು ಕೊಟ್ಟ ಉತ್ತರದಿಂದ ತಪ್ಪು ತೀರ್ಮಾನ ಹೊರಡುತ್ತದೆ; ಅದರ ಮೇಲೆ ರೂಪಿಸಿದ ಕಾರ್ಯಕ್ರಮ ನಿಮ್ಮ ಹೊಲಕ್ಕೆ ಒದಗುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ಮುಂದಿನ ಕರಪತ್ರವನ್ನು ಅಚ್ಚಿಗೆ ಕಳುಹಿಸುವ ಮುನ್ನ ಇಬ್ಬರು ರೈತರಿಗೆ ಅದನ್ನು ಓದಿ ಹೇಳಿ, ಅರ್ಥವಾದದ್ದೇನೆಂದು ಅವರ ಮಾತಿನಲ್ಲಿಯೇ ಕೇಳಿಕೊಳ್ಳಲಿ. ಈ ಪದವಿಗಳಲ್ಲಿ ಎರಡು ವರ್ಷ ಕಲಿಸುವ ವಿದ್ಯೆಯ ಮೊದಲ ಪಾಠವದು. ಅದನ್ನು ಆಚರಿಸಲು ಪದವಿ ಬರುವವರೆಗೆ ಕಾಯಬೇಕಾಗಿಲ್ಲ.