ಹುದ್ದೆ ಬರುವ ಮೊದಲೇ ಮುಗಿದಿದ್ದ ಕೆಲಸ

ಎಪ್ಪತ್ತರ ದಶಕದಲ್ಲಿ ಜೂಲಿಯಾ ರಾಬಿನ್ಸನ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಆ ಮನ್ನಣೆ ಪಡೆದ ಮೊದಲ ಮಹಿಳಾ ಗಣಿತಜ್ಞೆ ಅವರು. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಚಾರ ಕಚೇರಿ ಗಣಿತ ವಿಭಾಗಕ್ಕೆ ಫೋನ್ ಮಾಡಿ, ಈಕೆ ಯಾರೆಂದು ವಿಚಾರಿಸಿತಂತೆ. ಪ್ರೊಫೆಸರ್ ರಾಬಿನ್ಸನ್ ಅವರ ಹೆಂಡತಿ ಎಂಬ ಉತ್ತರ ಬಂತು.

ಉತ್ತರವೇನೋ ನಿಜ. 1941ರಲ್ಲಿ ಜೂಲಿಯಾ ತಮ್ಮ ಅಧ್ಯಾಪಕ ರಾಫೆಲ್ ರಾಬಿನ್ಸನ್‌ರನ್ನು ಮದುವೆಯಾದರು. ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಪಾಠ ಹೇಳಕೂಡದೆಂಬ ನಿಯಮ ಅಲ್ಲಿತ್ತು. ಬಾಲ್ಯದ ಜ್ವರ ಜೂಲಿಯಾರ ಹೃದಯವನ್ನೂ ಕೆಡಿಸಿತ್ತು. ಆಲ್ಫ್ರೆಡ್ ಟಾರ್ಸ್ಕಿ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದ ಬಳಿಕವೂ ದಶಕಗಳ ಕಾಲ ಅವರಿಗೆ ಕಾಯಂ ಹುದ್ದೆ ಇರಲಿಲ್ಲ. ಆದರೆ ಒಂದು ಸಮಸ್ಯೆ ಇತ್ತು.

ಯಾವುದೇ ಬಹುಪದ ಸಮೀಕರಣಕ್ಕೆ ಪೂರ್ಣಾಂಕಗಳಲ್ಲಿ ಉತ್ತರ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಒಂದೇ ವಿಧಾನ ಉಂಟೆ? 1900ರಲ್ಲಿ ಡೇವಿಡ್ ಹಿಲ್ಬರ್ಟ್ ಮುಂದಿಟ್ಟ ಹತ್ತನೇ ಪ್ರಶ್ನೆ ಇದು. ಜೂಲಿಯಾ ಇದಕ್ಕೆ ಹಿಡಿದ ದಾರಿಯಲ್ಲಿ ನಮಗೆ ಪರಿಚಿತವಾದದ್ದೊಂದು ಸಿಗುತ್ತದೆ: ಬ್ರಹ್ಮಗುಪ್ತ, ಭಾಸ್ಕರಾಚಾರ್ಯರು ಬಿಡಿಸಿದ ವರ್ಗಪ್ರಕೃತಿ ಸಮೀಕರಣ. ಒಂದು ಸಂಖ್ಯೆಯ ವರ್ಗದಿಂದ ಇನ್ನೊಂದರ ವರ್ಗದ ಮೂರರಷ್ಟು ಕಳೆದರೆ 1 ಉಳಿಯಬೇಕು ಎನ್ನೋಣ. ಮೊದಲ ಸಂಖ್ಯೆ 2, 7, 26, 97 ಎಂದು ಘಾತದ ವೇಗದಲ್ಲಿ ಜಿಗಿಯುತ್ತದೆ. ಇಂಥ ವೇಗದ ಸಂಬಂಧವೊಂದನ್ನು ಬರಿಯ ಬಹುಪದ ಸಮೀಕರಣಗಳಲ್ಲಿ ಹಿಡಿದಿಟ್ಟರೆ ಘಾತಗಳನ್ನೇ ಹಿಡಿದಂತೆ ಎಂದು ಅವರು ತೋರಿಸಿದರು; ಹಾಗೆ ಹಿಡಿಯಲು ಸಾಧ್ಯ ಎಂದು ಊಹಿಸಿದರು. ತೊಡಕಿದ್ದದ್ದು, ಇದು ಎಷ್ಟನೆಯ ಉತ್ತರ ಎಂಬುದನ್ನು ಸಮೀಕರಣದ ಬಾಯಲ್ಲೇ ಹೇಳಿಸುವುದರಲ್ಲಿ. ಘಾತಗಳಿರುವ ಸಮೀಕರಣಗಳಿಗೆ ಅಂಥ ವಿಧಾನ ಇಲ್ಲವೆಂದು 1961ರಲ್ಲಿ ಮಾರ್ಟಿನ್ ಡೇವಿಸ್, ಹಿಲರಿ ಪಟ್ನಮ್ ಜೊತೆ ಬರೆದ ಪ್ರಬಂಧದಲ್ಲಿ ತೋರಿಸಿದ ನಂತರ ಉಳಿದಿದ್ದು ಆ ಒಂದು ಕೊಂಡಿ ಮಾತ್ರ.

ಅದನ್ನು 1970ರಲ್ಲಿ ಬೆಸೆದವನು ಲೆನಿನ್‌ಗ್ರಾಡಿನ 22ರ ಯುವಕ ಯೂರಿ ಮತಿಯಸೇವಿಚ್. ಫಿಬೊನಾಚಿ ಸಂಖ್ಯೆಗಳ ಗುಣವೊಂದು ಅವನಿಗೆ ಒದಗಿಬಂತು. ಹಿಲ್ಬರ್ಟ್ ಕೇಳಿದಂಥ ವಿಧಾನ ಇಲ್ಲವೇ ಇಲ್ಲ ಎಂದು ಸಾಬೀತಾಯಿತು. ಎರಡು ದಶಕ ದುಡಿದವರಿಗೆ ಕೊನೆಯ ಹೆಜ್ಜೆ ತಪ್ಪಿತಲ್ಲ ಎಂದು ನಮಗೆ ಅನ್ನಿಸಬಹುದು. ಜೂಲಿಯಾ ಮಾತ್ರ ಸಂಭ್ರಮಪಟ್ಟರು. ತಾನು ಈ ಊಹೆ ಮಾಡಿದಾಗ ನೀನಿನ್ನೂ ಕೂಸು, ನೀನು ಬೆಳೆಯುವತನಕ ಕಾಯಬೇಕಿತ್ತಷ್ಟೆ ಎಂಬರ್ಥದಲ್ಲಿ ಅವನಿಗೆ ಬರೆದರು. ಈ ಔದಾರ್ಯ ನನಗೆ ಅವರ ಪ್ರಮೇಯಗಳಷ್ಟೇ ದೊಡ್ಡದು. ಶೀತಲ ಸಮರದ ನಡುವೆಯೂ ಇಬ್ಬರೂ ಪತ್ರಗಳಲ್ಲೇ ಗಣಿತ ಮಾಡಿ, ಬೇಕಾಗುವ ಅವ್ಯಕ್ತ ರಾಶಿಗಳನ್ನು 13ಕ್ಕೆ ಇಳಿಸಿದರು.

ಅಕಾಡೆಮಿಯ ಆಯ್ಕೆಯ ನಂತರವೇ, 1976ರಲ್ಲಿ, ಬರ್ಕ್‌ಲಿ ಅವರನ್ನು ಪ್ರಾಧ್ಯಾಪಕಿಯಾಗಿ ನೇಮಿಸಿತು. ಆರೋಗ್ಯದ ಕಾರಣಕ್ಕೆ ಪಾಠದ ಹೊಣೆ ಕಾಲುಭಾಗ ಮಾತ್ರ. 1983ರಲ್ಲಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಎರಡೇ ವರ್ಷದಲ್ಲಿ ರಕ್ತದ ಕ್ಯಾನ್ಸರ್ ಅವರನ್ನು ಒಯ್ದಿತು. ಅಂತ್ಯಕ್ರಿಯೆಯ ಸಭೆ ಬೇಡ, ಕೊಡಬೇಕೆನಿಸಿದವರು ಗುರು ಟಾರ್ಸ್ಕಿಯ ಹೆಸರಿನ ನಿಧಿಗೆ ಕೊಡಲಿ ಎಂದು ಅವರು ತಿಳಿಸಿದ್ದರು.