ಬರೆದದ್ದನ್ನು ಕಿವಿಗೆ ಒಪ್ಪಿಸಿ

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಆಗತಾನೆ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದ ನನಗೆ ರೇಡಿಯೋದಲ್ಲಿ ಹತ್ತು ನಿಮಿಷ ಮಾತನಾಡುವ ಅವಕಾಶ ಮೊದಲ ಬಾರಿಗೆ ಒದಗಿತ್ತು. ಓದಿದ್ದನ್ನೆಲ್ಲ ತುಂಬಿಬಿಡುವ ಉತ್ಸಾಹದಿಂದ ಭಾಷಣ ಬರೆದೆ. ಪ್ರಸಾರದ ಸಂಜೆ ಮನೆಮಂದಿಯೆಲ್ಲ ರೇಡಿಯೋ ಮುಂದೆ ಕುಳಿತರು. ಮುಗಿದ ಮೇಲೆ ನನ್ನ ತಾಯಿ ಕೇಳಿದರು: “ಧ್ವನಿ ಚೆನ್ನಾಗಿತ್ತಪ್ಪ. ಆದರೆ ಇದನ್ನೆಲ್ಲ ಯಾರಿಗೆ ಹೇಳಿದೆ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಬರೆದದ್ದು ಗುರುಗಳು ಮೆಚ್ಚಲೆಂದು, ಸಹೋದ್ಯೋಗಿಗಳು ತಪ್ಪು ಹಿಡಿಯದಿರಲೆಂದು. ಕೇಳುವವರು ನನ್ನ ಕಣ್ಣಮುಂದೆ ಇರಲೇ ಇಲ್ಲ.

ಈ ಪಾಠವನ್ನು ಕಲಿಸಬಲ್ಲ ಕೃತಿಯನ್ನು ನಾನೇ ತರಗತಿಯಲ್ಲಿ ಪಾಠ ಹೇಳುತ್ತಿದ್ದೆ. ಮುದ್ದಣನೆಂಬ ಹೆಸರಿನಿಂದ ಬರೆದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು (1870–1901) ‘ಶ್ರೀರಾಮಾಶ್ವಮೇಧ’ದಲ್ಲಿ ಕೇಳುಗಳನ್ನೇ ಒಂದು ಪಾತ್ರವನ್ನಾಗಿ ಮಾಡಿದ್ದಾರೆ. ಮನೋರಮೆ ಸುಮ್ಮನೆ ಕುಳಿತು ಕೇಳುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಸಂಸ್ಕೃತದ ಆಡಂಬರ ಕಂಡರೆ ತಡೆಯುತ್ತಾಳೆ. ಬರೆಯುವ ಪ್ರತಿಯೊಬ್ಬನಿಗೂ ಎದುರಿಗೆ ಇಂಥ ಒಬ್ಬ ಮನೋರಮೆ ಬೇಕು. ಸಾವಿರ ಜನರಿಗೆಂದು ಬರೆದರೆ ಬರಹ ಯಾರಿಗೂ ತಲುಪದೆ ಹೋಗಬಹುದು. ಮುಖ ಬಲ್ಲ ಒಬ್ಬರಿಗೆಂದು ಬರೆದದ್ದು ಅನೇಕರಿಗೆ ತಲುಪುತ್ತದೆ.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರವನ್ನು ಆರಂಭಿಸಿದಂದಿನಿಂದ ನಮ್ಮ ಗದ್ಯಕ್ಕೆ ಕಿವಿಯೆಂಬ ಇನ್ನೊಬ್ಬ ಪರೀಕ್ಷಕನೂ ದೊರೆತ. ಓದುಗ ಪುಟವನ್ನು ಹಿಂದಕ್ಕೆ ತಿರುಗಿಸಬಲ್ಲ. ಕೇಳುಗನಿಗೆ ಆ ಸೌಲಭ್ಯವಿಲ್ಲ. ಕನ್ನಡದಲ್ಲಿ ಈ ತೊಡಕು ಇನ್ನೂ ಹೆಚ್ಚು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ವಿಶೇಷಣಗಳೆಲ್ಲ ನಾಮಪದಕ್ಕಿಂತ ಮುಂಚೆ. “ನಿನ್ನೆ ಪೇಟೆಯಿಂದ ತಂದ, ಅಕ್ಕ ಬಹುದಿನದಿಂದ ಓದಬೇಕೆಂದಿದ್ದ, ನಾನು ಮೇಜಿನ ಮೇಲಿಟ್ಟಿದ್ದ ಪುಸ್ತಕ ಕಾಣುತ್ತಿಲ್ಲ” ಎಂಬ ವಾಕ್ಯ ವ್ಯಾಕರಣಶುದ್ಧವೇ. ಆದರೆ ‘ಪುಸ್ತಕ’ ಎಂಬ ಮಾತು ಬರುವವರೆಗೆ ಕೇಳುಗ ಮೂರು ಹೊರೆಗಳನ್ನು ಹೊತ್ತು ನಿಂತಿರಬೇಕು. ಅದನ್ನೇ, “ನಿನ್ನೆ ಪೇಟೆಯಿಂದ ಒಂದು ಪುಸ್ತಕ ತಂದೆ. ಅಕ್ಕ ಬಹುದಿನದಿಂದ ಓದಬೇಕೆಂದಿದ್ದಳು. ಮೇಜಿನ ಮೇಲಿಟ್ಟಿದ್ದೆ, ಈಗ ಕಾಣುತ್ತಿಲ್ಲ” ಎಂದರೆ ಹೊರೆ ಇಳಿಯುತ್ತದೆ, ಅರ್ಥ ಉಳಿಯುತ್ತದೆ.

ಸರಳವಾಗಿ ಬರೆದರೆ ಪಾಂಡಿತ್ಯಕ್ಕೆ ಕುಂದೆಂದು ಅನೇಕರು ತಿಳಿಯುತ್ತಾರೆ. ಎ. ಆರ್. ಕೃಷ್ಣಶಾಸ್ತ್ರಿಗಳು ಸಂಸ್ಕೃತ, ಕನ್ನಡ ಎರಡರಲ್ಲೂ ಘನ ವಿದ್ವಾಂಸರು. ಮಹಾಭಾರತವನ್ನು ಒಂದೇ ಸಂಪುಟಕ್ಕೆ ಇಳಿಸಿ ‘ವಚನಭಾರತ’ವನ್ನು 1950ರಲ್ಲಿ ಹೊರತಂದಾಗ ಅವರು ಬಳಸಿದ್ದು ಸಾಮಾನ್ಯ ಓದುಗನಿಗೂ ಎಟಕುವ ತಿಳಿಗನ್ನಡವನ್ನು. ಅಲ್ಲಿ ಪಾಂಡಿತ್ಯ ಕಾಣಿಸುವುದು ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂಬ ವಿವೇಕದಲ್ಲಿ.

ಅಭ್ಯಾಸದ ವಿಷಯದಲ್ಲಿ ನಾನು ಪಾಲಿಸಿಕೊಂಡು ಬಂದದ್ದು ನಾಲ್ಕೇ ನಿಯಮ. ದಿನಕ್ಕೆ ಒಂದು ಪುಟವಾದರೂ ಸರಿಯೆ, ಗೊತ್ತಾದ ಹೊತ್ತಿಗೆ ಬರೆಯುವುದು. ಸ್ಫೂರ್ತಿಗಾಗಿ ಕಾದವನಿಗೆ ಕಾಯುವುದೇ ಅಭ್ಯಾಸವಾಗುತ್ತದೆ. ಬರೆದದ್ದನ್ನು ಒಂದು ರಾತ್ರಿ ಮುಟ್ಟದೆ ಬಿಡುವುದು. ಮರುದಿನ ಗಟ್ಟಿಯಾಗಿ ಓದುವುದು. ಉಸಿರು ಸಾಲದ ಕಡೆ ವಾಕ್ಯವನ್ನು ಒಡೆಯುವುದು, ನಾಲಗೆ ತೊಡರಿದ ಕಡೆ ಪದವನ್ನು ಬದಲಿಸುವುದು. ಕಡೆಯದಾಗಿ, ಮೊದಲ ಪರಿಚ್ಛೇದವನ್ನು ಸಂಶಯದಿಂದ ನೋಡುವುದು. ಅನೇಕ ವೇಳೆ ಅದು ನಾವು ಗಂಟಲು ಸರಿಪಡಿಸಿಕೊಂಡ ಸದ್ದಷ್ಟೇ. ವಿಷಯ ಶುರುವಾಗುವುದು ಎರಡನೆಯದರಿಂದ.

ನಿವೃತ್ತನಾದ ಮೇಲೆ ಹಳೆಯ ಕಡತಗಳ ನಡುವೆ ಆ ಮೊದಲ ಭಾಷಣ ಸಿಕ್ಕಿತು. ಒಬ್ಬನೇ ಕುಳಿತು ಗಟ್ಟಿಯಾಗಿ ಓದಿದೆ. ತಾಯಿಗೆ ಅರ್ಥವಾಗಿರಲಾರದೆಂದು ತೋರಿದ ವಾಕ್ಯಗಳಿಗೆ ಪೆನ್ಸಿಲ್ ಗೆರೆ ಎಳೆಯುತ್ತ ಹೋದಂತೆ ಒಂದು ಸಂಗತಿ ಹೊಳೆಯಿತು: ಅವೆಲ್ಲ ನನಗೇ ಸರಿಯಾಗಿ ಅರ್ಥವಾಗದೆ ಬರೆದ ವಾಕ್ಯಗಳು! ನನ್ನ ಅಸ್ಪಷ್ಟತೆಯನ್ನು ದೊಡ್ಡ ಪದಗಳ ಹಿಂದೆ ಅಡಗಿಸಿಟ್ಟಿದ್ದೆ. ಪಂಡಿತರು ಯಾರೂ ಅದನ್ನು ಎತ್ತಿ ತೋರಿಸಿರಲಿಲ್ಲ. ನಾಲ್ಕನೆಯ ತರಗತಿಯವರೆಗೆ ಓದಿದ್ದ ತಾಯಿ ಒಂದೇ ಪ್ರಶ್ನೆಯಲ್ಲಿ ಅದನ್ನು ತಟ್ಟಿ ನೋಡಿದ್ದರು.

ಅವರು ಈಗಿಲ್ಲ. ಆದರೂ ಬರೆಯಲು ಕುಳಿತಾಗ ಎದುರಿನ ಕುರ್ಚಿಯಲ್ಲಿ ಅವರೇ ಇದ್ದಾರೆಂದು ಭಾವಿಸುತ್ತೇನೆ. ಈ ಬರಹವನ್ನೂ ಹಾಗೆಯೇ ಬರೆದದ್ದು.